ಎಂ.ಆರ್.ಐ. ಯಂತ್ರದ ಗ್ರೇಡಿಯಂಟ್ ಸುರುಳಿ: ಕೊಳ್ಳುವವರು ಗಮನಿಸಬೇಕಾದ ಲೆಕ್ಕ

ಎಂ.ಆರ್.ಐ. ಯಂತ್ರ ಕೊಳ್ಳಲು ಹೊರಟವರ ದೃಷ್ಟಿ ದರಪಟ್ಟಿಯಲ್ಲಿ ಮೊದಲು ಹರಿಯುವುದು ‘ಟೆಸ್ಲಾ’ ಎಂಬ ಅಂಕಿಯತ್ತ, ಅನಂತರ ಬೆಲೆಯತ್ತ. ಆದರೆ ಚಿತ್ರದ ಸ್ಫುಟತೆ, ತಪಾಸಣೆಯ ವೇಗ ಹಾಗೂ ವಿದ್ಯುತ್ ವೆಚ್ಚದ ಮೇಲೆ ಬಹಳ ಪ್ರಭಾವ ಬೀರುವ ಗ್ರೇಡಿಯಂಟ್ ಸುರುಳಿಯ ವಿವರವನ್ನು ಓದುವವರು ವಿರಳ.

ಮುಖ್ಯ ಅಯಸ್ಕಾಂತವು ಸಮನಾದ ಕ್ಷೇತ್ರವನ್ನು ನೀಡುತ್ತದೆ. ಅದರೊಳಗಿನ ಮೂರು ತಾಮ್ರದ ಸುರುಳಿಗಳು ಮೂರು ದಿಕ್ಕುಗಳಲ್ಲಿ ಆ ಕ್ಷೇತ್ರವನ್ನು ಕ್ರಮವಾಗಿ ಏರುಪೇರು ಮಾಡಿ, ದೇಹದ ಯಾವ ಬಿಂದುವಿನಿಂದ ಯಾವ ಸಂಕೇತ ಬಂದಿತೆಂಬುದನ್ನು ಗುರುತಿಸಿಕೊಡುತ್ತವೆ. 1973ರಲ್ಲಿ ಈ ಮಾರ್ಗವನ್ನು ತೋರಿದ ಪಾಲ್ ಲಾಟರ್‌ಬರ್ ಹಾಗೂ ಅದನ್ನು ಬೆಳೆಸಿದ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಸುರುಳಿಯ ವಿನ್ಯಾಸವು ಒಂದು ಆಯವ್ಯಯ ಪತ್ರದಂತೆ. ಒಂದು ಕಡೆ ಜಮೆಯಾದುದಕ್ಕೆ ಇನ್ನೊಂದು ಕಡೆ ಖರ್ಚು ಇದ್ದೇ ಇರುತ್ತದೆ. ಸುತ್ತುಗಳನ್ನು ಇಮ್ಮಡಿಗೊಳಿಸಿದರೆ ಪ್ರತಿ ಆಂಪಿಯರಿಗೆ ದೊರೆಯುವ ಬಲವೂ ಇಮ್ಮಡಿಯಾಗುತ್ತದೆ. ಆದರೆ ಇಂಡಕ್ಟನ್ಸ್ ನಾಲ್ಕು ಪಟ್ಟಾಗುತ್ತದೆ. ಅದೇ ಬಲವನ್ನು ಅದೇ ವೇಗದಲ್ಲಿ ಪಡೆಯಲು ಅರ್ಧ ಕರೆಂಟು ಸಾಕಾದರೂ ವೋಲ್ಟೇಜು ಎರಡು ಪಟ್ಟು ಬೇಕು. ಸುರುಳಿಯ ವ್ಯಾಸವನ್ನು 60 ರಿಂದ 70ರ ಪ್ರಮಾಣಕ್ಕೆ ಹಿಗ್ಗಿಸಿದರೆ ಅದೇ ಬಲಕ್ಕೆ ಬೇಕಾಗುವ ಶಕ್ತಿಸಂಗ್ರಹ ಐದನೆಯ ಘಾತದಲ್ಲಿ, ಅಂದರೆ ಸುಮಾರು 2.16 ಪಟ್ಟು ಏರುತ್ತದೆ. ರೋಗಿಗೆ ವಿಶಾಲವಾದ ಕೊಳವೆ ಹಿತಕರ. ಅದರ ಬೆಲೆಯನ್ನು ಆಂಪ್ಲಿಫೈಯರ್ ತೆರುತ್ತದೆ.

ಇಳಕಲ್ಲಿನ ನೇಕಾರನು ಯಾವ ಎಳೆ ಎಲ್ಲಿ ದಟ್ಟವಾಗಿರಬೇಕು, ಎಲ್ಲಿ ವಿರಳವಾಗಿರಬೇಕು ಎಂಬುದನ್ನು ಮಗ್ಗಕ್ಕೆ ಹಾಸು ಹೂಡುವ ಮೊದಲೇ ನಿಶ್ಚಯಿಸುತ್ತಾನೆ. 1986ರಲ್ಲಿ ರಾಬರ್ಟ್ ಟರ್ನರ್ ಸೂಚಿಸಿದ ಕ್ರಮವೂ ಅಂಥದೇ: ಬೇಕಾದ ಕ್ಷೇತ್ರವನ್ನು ಮೊದಲು ನಿಗದಿಪಡಿಸಿ, ಅದಕ್ಕೊಪ್ಪುವ ತಂತಿಯ ಹಂಚಿಕೆಯನ್ನು ಗಣಿತದಿಂದ ಹಿಂದುಮುಂದಾಗಿ ಕಂಡುಕೊಳ್ಳುವುದು. ಇಂದು ಗಣಕಯಂತ್ರಗಳು ಶಾಖ, ಕಂಪನ, ಹೊರಸೋರಿಕೆ ಇವೆಲ್ಲವನ್ನೂ ಒಟ್ಟಿಗೆ ತೂಗಿ ನೋಡುತ್ತವೆ. ಆದರೂ ಒಂದು ಮಿತಿ ದಾಟಲಾಗದು. ಕ್ಷೇತ್ರ ಅತಿ ವೇಗವಾಗಿ ಬದಲಾದರೆ ರೋಗಿಯ ನರಗಳೇ ಪ್ರಚೋದನೆಗೊಳ್ಳುತ್ತವೆ.

ಈ ವಿದ್ಯೆ ನಮ್ಮ ರಾಜ್ಯಕ್ಕೆ ಪರಕೀಯವಲ್ಲ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಸಂಸ್ಥೆ ಅಭಿವೃದ್ಧಿಪಡಿಸಿದ 1.5 ಟೆಸ್ಲಾ ದೇಶೀಯ ಯಂತ್ರವು 2023ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಲೋಕಾರ್ಪಣೆಗೊಂಡಿತು. 1963ರಲ್ಲಿ ಸ್ಥಾಪಿತವಾದ ನಮ್ಮ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೂ ಸುರುಳಿ ವಿನ್ಯಾಸವು ಯೋಗ್ಯವಾದ ಅಧ್ಯಯನ ವಿಷಯವಾಗಬಲ್ಲದು.

ಕೊಳ್ಳುವವರಿಗೆ ನಮ್ಮ ಸಲಹೆ ಇಷ್ಟೇ. ಪ್ರತಿ ಮೀಟರಿಗೆ ಎಷ್ಟು ಮಿಲಿಟೆಸ್ಲಾ, ಎಷ್ಟು ವೇಗದ ಏರಿಕೆ, ಎರಡೂ ಏಕಕಾಲಕ್ಕೆ ದೊರೆಯುವವೇ, ಶೀತಕ ಯಂತ್ರಕ್ಕೆ ಎಷ್ಟು ಕಿಲೋವ್ಯಾಟ್ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಬಾಗಲಕೋಟೆಯ ಬೇಸಿಗೆಯಲ್ಲಿ ಶೀತಕ ನಿಂತರೆ ಯಂತ್ರವೂ ನಿಲ್ಲುತ್ತದೆ. ಸಾಲದ ಕಂತು ನಿಲ್ಲುವುದಿಲ್ಲ. ಆರೋಗ್ಯ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ ಯಂತ್ರದ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗದು. ಅದನ್ನೂ ಯಂತ್ರದ ವೆಚ್ಚಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಅಗತ್ಯಕ್ಕೆ ಮೀರಿದ ಸುರುಳಿಗೆ ತೆತ್ತ ಹಣವೂ, ಅಗತ್ಯಕ್ಕೆ ಸಾಲದ ಸುರುಳಿಯಿಂದ ಕಳೆದುಹೋದ ಸಮಯವೂ ಕಡೆಗೆ ಸೇರುವುದು ಬಾದಾಮಿ, ಹುನಗುಂದಗಳಿಂದ ಬಸ್ಸಿನಲ್ಲಿ ಬರುವ ರೋಗಿಯ ಬಿಲ್ಲಿಗೇ.