ಹಳೆಯ ನೆಗಡಿಯೂ ಅಡುಗೆಮನೆಯ ಮದ್ದೂ

‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂಬ ಗಾದೆಯನ್ನು ತಾವು ಕೇಳಿಯೇ ಇರುತ್ತೀರಿ. ನಾಲ್ಕು ದಿನ ಕಾಡಿ ತಾನಾಗಿ ತೊಲಗುವ ಬೇನೆಗೆ ಇಷ್ಟು ದೊಡ್ಡ ಪಟ್ಟವೇಕೆಂದು ನಾನು ನಗುತ್ತಿದ್ದೆ. ತರಗತಿಯಲ್ಲಿ ಬಗ್ಗಿ ಪುಸ್ತಕವೆತ್ತಿದರೆ ಹಣೆಯೊಳಗೆ ಗುಂಡುಕಲ್ಲು ಉರುಳಿದಂತಾಗಿ, ಮನೆಯಲ್ಲಿ ಒಗ್ಗರಣೆ ಸೀದರೂ ವಾಸನೆ ತಿಳಿಯದ ಅವಸ್ಥೆ ಒದಗಿದಮೇಲೆ ಆ ನಗು ನಿಂತಿತು.

ಹಣೆ, ಕೆನ್ನೆ, ಕಣ್ಣುಗಳ ನಡುವೆ, ಮೂಗಿನ ಹಿಂದೆ, ಹೀಗೆ ನಮ್ಮ ಮುಖದ ಎಲುಬುಗಳಲ್ಲಿ ನಾಲ್ಕು ಜೊತೆ ಗಾಳಿಗೂಡುಗಳಿವೆ. ಇವೇ ಸೈನಸ್ಸುಗಳು. ಇವುಗಳ ಒಳಪೊರೆಯಲ್ಲಿ ಒಸರುವ ಲೋಳೆಯನ್ನು ಸೂಕ್ಷ್ಮವಾದ ರೋಮಗಳು, ಜನರು ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವಂತೆ, ಮೂಗಿನ ಕಡೆಗೆ ಸಾಗಿಸುತ್ತವೆ. ಇವುಗಳಲ್ಲಿ ಕೆನ್ನೆಯ ಗೂಡಿನ ರಚನೆ ವಿಚಿತ್ರವಾದುದು. ಅದರ ಕಿಂಡಿ ಇರುವುದು ಮೇಲೆ, ಸೂರಿನ ಹತ್ತಿರ! ಬಚ್ಚಲಿನ ತೂಬನ್ನು ಗೋಡೆಯ ತುದಿಯಲ್ಲಿಟ್ಟರೆ ನೀರು ಹರಿದೀತೆ? ರೋಮಗಳು ದುಡಿಯುವವರೆಗೆ ಹೇಗೋ ನಡೆಯುತ್ತದೆ. ಪೊರೆ ಬಾತು ಕಿಂಡಿ ಮುಚ್ಚಿತೆಂದರೆ ಲೋಳೆ ನಿಂತು ಮಂದವಾಗುತ್ತದೆ, ರೋಮಗಳೂ ಸೋಲುತ್ತವೆ. ಇದು 12 ವಾರ ಮುಂದುವರಿದರೆ ವೈದ್ಯರು ದೀರ್ಘಕಾಲದ ಬೇನೆಯೆನ್ನುತ್ತಾರೆ. ಪೀನಸ, ಪ್ರತಿಶ್ಯಾಯ ಎಂದು ಆಯುರ್ವೇದ ಹೆಸರಿಸಿದುದು ಈ ಬಳಗದ ಬೇನೆಗಳನ್ನೇ.

ಮನೆಮದ್ದುಗಳಲ್ಲಿ ಪರೀಕ್ಷೆಗೆ ನಿಂತು ಗೆದ್ದುದು ಉಪ್ಪುನೀರು. ಹಠಯೋಗದವರು ಇದನ್ನು ಜಲನೇತಿ ಎನ್ನುತ್ತಾರೆ. ಒಂದು ದೊಡ್ಡ ಲೋಟ, ಎಂದರೆ ಸುಮಾರು 240 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ತಲೆ ವಾಲಿಸಿ, ಬಾಯಿಯಿಂದ ಉಸಿರಾಡುತ್ತ, ಒಂದು ಹೊಳ್ಳೆಯಿಂದ ಬಿಟ್ಟು ಮತ್ತೊಂದರಿಂದ ಹರಿಸುವುದು. ಬರಿಯ ನೀರು ಉರಿಯುತ್ತದೆ. ಉಪ್ಪಿನ ಪ್ರಮಾಣ ಮೈಯ ಉಪ್ಪಿಗೆ ಸಮೀಪವಾದರೆ ಉರಿಯದು. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು. ಅಮೆರಿಕದ ಲೂಯಿಸಿಯಾನದಲ್ಲಿ 2011ರಲ್ಲಿ ನಲ್ಲಿಯ ನೀರನ್ನೇ ಮೂಗಿಗೆ ಬಿಟ್ಟುಕೊಂಡ ಇಬ್ಬರು ತೀರಿಹೋದರು. ಕುಡಿದರೆ ಏನೂ ಮಾಡದ ನೇಗ್ಲೇರಿಯ ಎಂಬ ಅಮೀಬ, ಮೂಗಿನ ದಾರಿಯಿಂದ ಮಿದುಳನ್ನು ಸೇರುತ್ತದೆ.

ಇನ್ನು ಅರಿಸಿನ. ಅದರಲ್ಲಿರುವ ಕರ್ಕ್ಯುಮಿನ್ ಪ್ರಯೋಗಶಾಲೆಯಲ್ಲಿ ಉರಿಯೂತವನ್ನು ತಗ್ಗಿಸುವುದು ನಿಜ. ಆದರೆ ಕರುಳು ಹೀರಿಕೊಳ್ಳುವುದು ಬಹಳ ಸ್ವಲ್ಪ. ಕರಿಮೆಣಸು ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ಅರಿಸಿನದ ಹಾಲನ್ನು ಸಂತೋಷದಿಂದ ಕುಡಿಯಿರಿ. ಅದರಿಂದಲೇ ಕಿಂಡಿ ತೆರೆದೀತೆಂದು ಕಾದು ಕೂಡಬೇಡಿ. ಕೊಂಬು ಸುಟ್ಟು ಹೊಗೆ ಸೇದುವುದನ್ನಂತೂ ನಾನು ಒಪ್ಪೆ. ಬಾತ ಪೊರೆಗೆ ಹೊಗೆ ಶತ್ರು. ಪುದೀನದ ಮೆಂಥಾಲ್ ಮೂಗು ಬಿಟ್ಟಿತೆಂಬ ತಂಪನ್ನು ಕೊಡುತ್ತದೆ, ಬಿಡುವುದು ಕಡಮೆ. ಅನಾನಸಿನ ಬ್ರೋಮಲೈನ್ ಎಂಬ ಕಿಣ್ವವನ್ನು ಗುಳಿಗೆಯಾಗಿ ಮಾರುತ್ತಾರೆ. ಅದು ದಂಟಿನಲ್ಲೇ ಹೆಚ್ಚಾಗಿರುವುದರಿಂದ ಹಣ್ಣು ತಿಂದರೆ ಆ ಲೆಕ್ಕಕ್ಕೆ ಬಾರದು. ಇದರ ಪರೀಕ್ಷೆಗಳು ಚಿಕ್ಕವು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಬ್ರೋಮಲೈನನ್ನಾಗಲಿ ಬೆಳ್ಳುಳ್ಳಿಯ ಗುಳಿಗೆಯನ್ನಾಗಲಿ ವೈದ್ಯರನ್ನು ಕೇಳದೆ ಮುಟ್ಟಬಾರದು, ರಕ್ತಸ್ರಾವದ ಭಯವುಂಟು.

ನಾನು ಅಂಚೆಯಲ್ಲಿ ತರಿಸಿದ ಚೂರ್ಣಗಳನ್ನು ನಂಬಿ ಎರಡು ವರ್ಷ ಕಳೆದೆ. ಕಡೆಗೆ ವೈದ್ಯರು ದೀಪ ಹಿಡಿದು ನೋಡಿದಾಗ ಎರಡು ಹೊಳ್ಳೆಗಳಲ್ಲೂ ದುರ್ಮಾಂಸ ಬೆಳೆದಿತ್ತು. ಅದಕ್ಕೆ ಸ್ಟೀರಾಯ್ಡ್ ಸಿಂಪಡಿಕೆ ಬೇಕಾಯಿತು. ಈಗಲೂ ಮೊದಲು ಉಪ್ಪುನೀರಿನಿಂದ ತೊಳೆದು, ಆಮೇಲೆ ಔಷಧಿ ಸಿಂಪಡಿಸಿಕೊಳ್ಳುತ್ತೇನೆ. ಲೋಳೆಯ ಮೇಲೆ ಬಿದ್ದ ಔಷಧಿ ಪೊರೆಯನ್ನು ಮುಟ್ಟುವುದಿಲ್ಲವಷ್ಟೆ. ಮಲ್ಲಿಗೆಯ ಕಂಪು ಮರಳಿದೆ, ಇಂಗಿನದು ಅರ್ಧ ಮಾತ್ರ.

ಒಂದೇ ಹೊಳ್ಳೆಯಿಂದ ದುರ್ಗಂಧದ ಕೀವು ಬರುತ್ತಿದ್ದರೆ ಮೇಲಿನ ದವಡೆಯ ಹಲ್ಲನ್ನೂ ತೋರಿಸಿ. ಹಲ್ಲಿನ ಬೇರಿಗೂ ಕೆನ್ನೆಯ ಗೂಡಿಗೂ ನಡುವೆ ಇರುವುದು ತೆಳುವಾದ ಎಲುಬು. ಕಣ್ಣು ಬಾತುಕೊಂಡರೆ, ಒಂದು ಎರಡಾಗಿ ಕಂಡರೆ, ಜ್ವರದೊಡನೆ ಕುತ್ತಿಗೆ ಸೆಟೆದರೆ, ಕಷಾಯಕ್ಕೆ ಒಲೆ ಹಚ್ಚದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.