ಕುದುರೆಯ ತೊಗಲೂ ಇಂಗ್ಲಿಷರ ಮುಖಭಂಗವೂ

ಅಂದುಕೊಂಡದ್ದು ನಾಲ್ಕು ಜನರೆದುರು ಕೈಕೊಟ್ಟಾಗ ಕಿರಿಕಿರಿ, ನಾಚಿಕೆ ಎರಡೂ ಒಟ್ಟಿಗೆ ಏಳುತ್ತವಲ್ಲ, ಆ ಪೆಚ್ಚುತನಕ್ಕೆ ಇಂಗ್ಲಿಷಿನಲ್ಲಿ ‘ಶಗ್ರಿನ್’ ಎನ್ನುತ್ತಾರೆ. 17ನೇ ಶತಮಾನದಲ್ಲಿ ಫ್ರೆಂಚಿನಿಂದ ಬಂದ ಈ ಪದ ಹುಟ್ಟಿದ್ದು ತೊಗಲಿನಿಂದ ಎಂಬ ಕಥೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ತುರ್ಕಿಯಲ್ಲಿ ‘ಸಗ್ರಿ’ ಎಂದರೆ ಕುದುರೆಯ ಹಿಂಭಾಗ. ಆ ಭಾಗದ ಹಸಿ ತೊಗಲಿನ ಮೇಲೆ ಗಟ್ಟಿ ಬೀಜ ಹರಡಿ ಒತ್ತುತ್ತಿದ್ದರು. ಒಣಗಿದ ಮೇಲೆ ಬೀಜ ಕೊಡವಿ, ಮೇಲ್ಮೈ ಹೆರೆದು, ನೀರಲ್ಲಿ ನೆನೆಹಾಕಿದರೆ ಒತ್ತಿಹೋಗಿದ್ದ ಜಾಗಗಳೆಲ್ಲ ಉಬ್ಬಿ ಹರಳುಹರಳಾಗಿ ಏಳುತ್ತಿದ್ದವು. ಹೆಚ್ಚಾಗಿ ಹಸಿರು ಬಣ್ಣ ಕಟ್ಟುತ್ತಿದ್ದ ಈ ತೊಗಲಿಗೂ ಮನಸ್ಸಿನ ನೋವಿಗೂ ಫ್ರೆಂಚಿನಲ್ಲಿ ‘ಶಗ್ರ್ಯಾಂ’ ಎಂಬ ಒಂದೇ ಹೆಸರು. ಒರಟು ತೊಗಲು ಮೈಯನ್ನು ಉಜ್ಜಿದಂತೆ ಬೇಸರ ಮನಸ್ಸನ್ನು ಉಜ್ಜುತ್ತದೆ, ಹೆಸರು ಹಾಗೆ ದಾಟಿತು ಎಂಬುದು ವಾದ. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿಯೂ ಇದನ್ನೇ ಒಪ್ಪಿತ್ತು.

ಆದರೆ ಕಾಲದ ಲೆಕ್ಕ ಇದಕ್ಕೆ ಒಗ್ಗುವುದಿಲ್ಲ. ದುಃಖದ ಅರ್ಥದ ಪದ ಮಧ್ಯಯುಗ ಮುಗಿಯುವ ಮೊದಲೇ ಫ್ರೆಂಚ್ ಬರಹಗಳಲ್ಲಿದೆ. ತೊಗಲಿನ ಹೆಸರು ಕಾಣಿಸುವುದು ಆಮೇಲೆ. ತಡವಾಗಿ ಬಂದದ್ದು ಮೊದಲೇ ಇದ್ದದ್ದಕ್ಕೆ ಜನ್ಮ ಕೊಡಲಾರದು. ತುರ್ಕಿಯ ಪದವೇ ಆಗಲೇ ಬಳಕೆಯಲ್ಲಿದ್ದ ದುಃಖದ ಪದದ ಉಚ್ಚಾರಕ್ಕೆ ಹೊಂದಿಕೊಂಡಿತು ಎನ್ನುವುದೇ ಹೆಚ್ಚು ಸರಿ. ಕಣ್ಣಿಗೆ ಕಾಣುವ ವಸ್ತುವಿನ ಹೆಸರೇ ಅಲ್ಲವೇ ಭಾವನೆಗೆ ಹತ್ತುವುದು ಎಂದು ಕೇಳಬಹುದು. ಸಾಮಾನ್ಯವಾಗಿ ಹೌದು, ಆದರೆ ಸಾಮಾನ್ಯ ನಿಯಮ ಈ ಪದದ ದಾಖಲೆಯನ್ನು ಅಳಿಸಲಾರದು. 1831ರಲ್ಲಿ ಫ್ರೆಂಚ್ ಲೇಖಕ ಬಾಲ್ಜಾಕ್ ‘ಶಗ್ರ್ಯಾಂ’ ಪದವನ್ನೇ ಹೆಸರಿನಲ್ಲಿಟ್ಟು ಬರೆದ ಕಾದಂಬರಿಯೂ ತೊಗಲಿನ ಕಥೆಗೆ ಸಾಕ್ಷಿಯಾಗದು. ಅದರಲ್ಲಿ ಒಂದೊಂದು ಬಯಕೆ ತೀರಿದಂತೆಲ್ಲ ಕಾಡುಕತ್ತೆಯ ತೊಗಲು ಕುಗ್ಗುತ್ತದೆ, ನಾಯಕನ ಆಯುಸ್ಸೂ ಕುಗ್ಗುತ್ತದೆ. ಹೆಸರಿನಲ್ಲೇ ತೊಗಲು, ದುಃಖ ಎರಡನ್ನೂ ಹೊಳೆಯಿಸುವ ಸೊಗಸಾದ ಶ್ಲೇಷೆ ಅದು. ಎರಡು ಪದ ಒಂದೇ ರೂಪಕ್ಕೆ ಬಂದಿದ್ದರೆ ಶ್ಲೇಷೆಗೆ ಅಷ್ಟು ಸಾಕು, ರಕ್ತಸಂಬಂಧ ಬೇಕಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ, ಈ ಪದದೊಳಗೆ ನಾಚಿಕೆ ಹೊಕ್ಕಿದ್ದು ಎಲ್ಲಿ ಎಂಬುದು. ಫ್ರೆಂಚರು ಇಂದಿಗೂ ಪ್ರೇಮಭಂಗದ ನೋವಿಗೆ ಈ ಪದ ಬಳಸುತ್ತಾರೆ. ಅದರಲ್ಲಿ ಮುಖ ಮರೆಸಿಕೊಳ್ಳುವ ಮಾತಿಲ್ಲ. ಇಂಗ್ಲಿಷಿನಲ್ಲೂ ಮೊದಮೊದಲು ಹಾಗೆಯೇ: ಕವಿ ಅಲೆಕ್ಸಾಂಡರ್ ಪೋಪ್ 1714ರ ‘ದಿ ರೇಪ್ ಆಫ್ ದಿ ಲಾಕ್’ ಕಾವ್ಯದಲ್ಲಿ ಅದನ್ನು ಮಂಕು, ಸಿಡುಕುಗಳ ದೇವತೆಯಿಂದ ಕೇಳಿ ಪಡೆಯುವ ವರವಾಗಿಸಿದ. 1755ರಲ್ಲಿ ಜಾನ್ಸನ್ ನಿಘಂಟು ಕೊಟ್ಟ ಅರ್ಥವೂ ಸಿಡುಕು, ಅಸಮಾಧಾನಗಳ ಸುತ್ತಲೇ ಇದೆ. ಹಾಗಾಗಿ ನಾಚಿಕೆ ಮೂಲದಿಂದ ಬಂದದ್ದಲ್ಲ, ಇಂಗ್ಲಿಷ್ ಬಳಕೆಯಲ್ಲಿ ಸೇರಿಕೊಂಡದ್ದು. ಈಗ ಈ ಪದ ಹೆಚ್ಚಾಗಿ ಬರುವುದು ‘ಟು ಮೈ ಶಗ್ರಿನ್’ ಎಂಬ ನುಡಿಗಟ್ಟಿನಲ್ಲಿ, ತಾನು ಪೆಚ್ಚಾದದ್ದನ್ನು ತಾನೇ ಇನ್ನೊಬ್ಬರಿಗೆ ಹೇಳಿಕೊಳ್ಳುವಾಗ.