ಬೇರಿಗೆ ಮಣ್ಣು ಬೇಡವೆ?

ಬೆಂಗಳೂರಿನ ಉದ್ಯಾನಕೀರ್ತಿಯು ಇಂದು ನಿನ್ನೆಯದಲ್ಲ. 1760ರಲ್ಲಿ ಹೈದರಾಲಿಯು ಲಾಲ್‌ಬಾಗಿಗೆ ನಾಂದಿ ಹಾಡಿದನು. 1870ರಲ್ಲಿ ಕಬ್ಬನ್ ಪಾರ್ಕು ರೂಪುಗೊಂಡಿತು. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ಲರು, ಒಂದು ಬೀದಿಯ ಹೂವು ಉದುರುವಷ್ಟರಲ್ಲಿ ಮತ್ತೊಂದು ಬೀದಿಯು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಇಂದು ನಾವು ನಡೆಯುವ ನೆರಳು ಇಂತಹ ಹಿರಿಯರ ಋಣವಲ್ಲದೆ ಬೇರೇನು?

ನೆಟ್ಟವರ ಕೆಲಸವು ಇಷ್ಟು ಘನವಾಗಿರಲು, ಕಾಯುವವರ ಕೆಲಸವು ಹೇಗಿದೆಯೆಂಬುದನ್ನು ವಾಚಕರು ತಮ್ಮ ಬೀದಿಯಲ್ಲಿಯೇ ನೋಡಬಹುದು. ಕಾಲುದಾರಿಯ ಕಲ್ಲುಚಪ್ಪಡಿಯೂ ಸಿಮೆಂಟೂ ಮರದ ಬೊಡ್ಡೆಯನ್ನು ಕೊರಳುಪಟ್ಟಿಯಂತೆ ಬಿಗಿದಿರುವುವು. ಚರಂಡಿಗೆಂದು ಒಂದು ಇಲಾಖೆ ಬೇರನ್ನು ಕತ್ತರಿಸಿದರೆ, ತಂತಿಗೆಂದು ಮತ್ತೊಂದು ಇಲಾಖೆ ಒಂದೇ ಮಗ್ಗುಲಿನ ಕೊಂಬೆಗಳನ್ನು ಸವರುತ್ತದೆ. ಮರವು ನೀರನ್ನೂ ಗಾಳಿಯನ್ನೂ ಹೀರುವ ಎಳೆಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲಿಯೇ ಹರಡಿರುತ್ತವೆ. ಆ ಮಣ್ಣನ್ನೇ ಮುಚ್ಚಿದ ಮೇಲೆ ಮರವು ನಿಂತಲ್ಲಿಯೇ ಸೊರಗುವುದು. ಬೇರು ಕಡಿದ ಮೇಲೆ ಹಿಡಿತ ತಪ್ಪುವುದು. ಮುಂಗಾರಿನ ಮೊದಲ ಬಿರುಗಾಳಿಗೆ ಅದು ಉರುಳಿ ಜೀವಹಾನಿಯಾದಾಗ, ಮರಗಳೇ ಅಪಾಯವೆಂದು ಕೂಗೇಳುವುದು. ಆದರೆ ಅಪರಾಧಿಯು ಮರವೆ?

1976ರ ವೃಕ್ಷಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ನಗರದ ಮರವನ್ನು ಕಡಿಯಲಾಗದು. ಕೊಡಲಿಗೆ ಅಪ್ಪಣೆ ಬೇಕು, ಸಿಮೆಂಟಿಗೆ ಬೇಡವೆ? ಒಂದು ಕ್ಷಣದಲ್ಲಿ ಕೊಂದರೆ ಅಪರಾಧ, ಹತ್ತು ವರ್ಷದಲ್ಲಿ ಕೊಂದರೆ ಅಭಿವೃದ್ಧಿ ಎಂಬುದು ಯಾವ ನ್ಯಾಯ? ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2013ರಲ್ಲಿಯೇ ಆಜ್ಞಾಪಿಸಿತು. ಅಲ್ಲಿನ ಮರಕ್ಕೆ ಬೇಕಾದ ಉಸಿರು ಇಲ್ಲಿನ ಮರಕ್ಕೂ ಬೇಕಷ್ಟೆ.

ಲಾಲ್‌ಬಾಗು, ಕಬ್ಬನ್ ಪಾರ್ಕುಗಳು ತೋಟಗಾರಿಕೆ ಇಲಾಖೆಯ ಪಾಲನೆಯಲ್ಲಿರುವುವು. ಬೀದಿಮರಗಳ ಹೊಣೆಯು ನಗರಾಡಳಿತದ್ದು. 2025ರ ಸೆಪ್ಟೆಂಬರಿನಲ್ಲಿ ಆ ಆಡಳಿತವು ಐದು ಪಾಲಿಕೆಗಳಾಗಿ ಹಂಚಿಹೋಯಿತು. ಅಧಿಕಾರವು ಹಂಚಿದಂತೆ ಹೊಣೆಯೂ ಚದುರಿ ಮಾಯವಾಗಬಾರದು. ಐದು ಪಾಲಿಕೆಗಳೂ ಮೂರು ಕೆಲಸಗಳನ್ನು ಕೂಡಲೇ ಕೈಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ: ಪ್ರತಿ ಮರದ ಬುಡದಲ್ಲಿಯೂ ಮಣ್ಣನ್ನು ತೆರವುಗೊಳಿಸುವುದು, ವೃಕ್ಷತಜ್ಞನು ಸ್ಥಳವನ್ನು ನೋಡಿ ಒಪ್ಪದೆ ಬೇರಿನ ಬಳಿ ಅಗೆಯದಿರುವುದು, ಮಳೆಗಾಲಕ್ಕೆ ಮುಂಚೆ ಪ್ರತಿ ಬೀದಿಯ ಮರಗಳನ್ನು ಪರೀಕ್ಷಿಸಿ, ಆ ವರದಿಯನ್ನು ವಾರ್ಡಿನ ಜನರ ಮುಂದಿಡುವುದು.

ಇದಕ್ಕೆ ಮೇಲ್ಸೇತುವೆಯ ವೆಚ್ಚ ಬೇಕಿಲ್ಲ. ಹಾರೆ ಗುದ್ದಲಿಗಳೂ ಹೊಣೆಯರಿತ ಅಧಿಕಾರಿಗಳೂ ಸಾಕು. ಸಸಿ ನೆಡುವ ಉತ್ಸವಕ್ಕೆ ಒಂದು ದಿನವಾದರೆ, ಅದನ್ನು ಮರವಾಗಿ ಉಳಿಸುವ ವ್ರತಕ್ಕೆ ಒಂದು ತಲೆಮಾರು ಹಿಡಿಯುತ್ತದೆ. ನಗರಾಡಳಿತದ ನಿಜವಾದ ಪರೀಕ್ಷೆಯು ಆ ವ್ರತದಲ್ಲಿದೆ.